ಆಹೇರಿನ ಹೊತ್ತಿಗೆ ಇಳಿದ ಸಿಂಹಾಸನ

೧೯೮೮ರಲ್ಲಿ, ಏಳನೆಯ ಇಯತ್ತೆಗೆ, ನನ್ನ ಓದು ನಿಂತಿತು. ಅಪ್ಪನ ಹಿಂದೆ ಗೌಂಡಿ ಕೆಲಸಕ್ಕೆ ಹೊರಟೆ. ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ನಾನು ಕಟ್ಟಿದ ಗೋಡೆಗಳು ಇನ್ನೂ ನೆಟ್ಟಗೆ ನಿಂತಿವೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಶಾಲೆ ಮರಾಠಿಯದು. ಮನೆಯಲ್ಲಿ ಆಡುವ ಕನ್ನಡವನ್ನು ಓದಲು ಕಲಿತದ್ದು ನಾಟಕದ ತಾಲೀಮಿನಲ್ಲಿ.

ಮರಾಠಿ ಸೀಮೆಗೆ ಸೇರಿದ ಉಮರ್ಗಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬೇಸಿಗೆಗೊಮ್ಮೆ ಕನ್ನಡದ ಐತಿಹಾಸಿಕ ನಾಟಕ ಆಡುತ್ತಿದ್ದೆವು. ರಾಜನನ್ನು ಇಳಿಸಲು ಅವನ ದಿವಾನನೇ ಸಂಚು ಹೂಡುವಂಥ ಕಥೆಗಳು. ರಾಜನ ಪಾತ್ರ ಮಾಡುವವನೇ ನಾಟಕ ಮಂಡಳಿಗೂ ಹಿರಿಯ. ಯಾವ ನಾಟಕ, ಯಾರಿಗೆ ಯಾವ ಪಾತ್ರ, ಎಲ್ಲ ಅವನ ಮಾತು. ಹಲವು ವರ್ಷ ಆ ಜಾಗ ನನ್ನದಿತ್ತು. ದಿನವಿಡೀ ದುಡಿದು ಬಂದು, ನೋಯುವ ಸೊಂಟ ಹಿಡಿದುಕೊಂಡೇ ತಾಲೀಮಿಗೆ ಹೊರಟರೆ ಹೆಂಡತಿ ಕೊಡ ಮುಂದೆ ಮಾಡುತ್ತಿದ್ದಳು.

“ಮಹಾರಾಜರೀ, ರಾಜ್ಯ ಆಮ್ಯಾಲ ಆಳ್ರಿ. ನಳಕ್ಕ ನೀರ ಬಂದಾವ, ಮೊದಲ ತುಂಬ್ರಿ.”

ದಿವಾನನ ಪಾತ್ರ ಅವಳ ತಮ್ಮನದು. ಉಮರ್ಗಾದ ಹೆದ್ದಾರಿ ಪಕ್ಕದಲ್ಲಿ ಮೋಟರ್ ಸೈಕಲ್ ದುರಸ್ತಿಯ ಅಂಗಡಿ ಇಟ್ಟವನು, ಮಾತಿನಲ್ಲಿ ಜೋರು. ಎರಡು ವರ್ಷದ ಹಿಂದೆ ತಾಲೀಮಿನ ನಡುವೆ ಹೇಳಿದ:

“ಮಾಮಾ, ಮುಂದಿನ ವರ್ಷದಿಂದ ನಾಟಕ ಮರಾಠಿದಾಗ ಮಾಡಮ್ರಿ. ಸಾಹೇಬರು ಸ್ಟೇಜ್ ಕಟ್ಟಿಸಿ ಕೊಡ್ತೀನಿ ಅಂದಾರ.”

ಸಾಹೇಬರೆಂದರೆ ಚುನಾವಣೆಗೆ ನಿಲ್ಲಬೇಕೆಂದು ಊರೂರು ತಿರುಗುತ್ತಿದ್ದ, ಲೋಹಾರಾ ಕಡೆಯ ಒಬ್ಬ ಪುಢಾರಿ.

“ಸ್ಟೇಜ್ ನಾ ಕಟ್ಟತೀನಿ, ಗೌಂಡಿ ಇದ್ದೀನಿ. ನಾ ರಾಜಾ ಇರೂತನಾ ನಾಟಕ ಕನ್ನಡದಾಗೇ ಆಗ್ತದ.”

“ನೀವ್ ಇರೂತನಾ. ಹೌದಲ್ರಿ?” ಎಂದು ನಕ್ಕ. ಸೈನಿಕರ ಪಾತ್ರದವರೂ ನಕ್ಕರು. ನಾನೂ ನಕ್ಕೆ.

ನಾಟಕದ ದಿನ ಉದಗೀರದಿಂದ ಬಾಡಿಗೆಗೆ ತಂದ ಜರಿ ಅಂಗಿ ತೊಟ್ಟು ಸಿಂಹಾಸನದ ಮೇಲೆ ಕೂತಿದ್ದೆ. ದಿವಾನನ ಸಂಚು ಬಯಲಾಗಿ ಅವನಿಗೆ ಬೇಡಿ ಹಾಕಿಸುವ ದೃಶ್ಯ. ಅಷ್ಟರಲ್ಲಿ ಮೈಕಿನಲ್ಲಿ ಆಹೇರು ಕೂಗಿದರು. ನಮ್ಮಲ್ಲಿ ಆಟದ ನಡುವೆಯೇ ನೆಂಟರೋ ಹಿರಿಯರೋ ಮೇಲೆ ಬಂದು ಪಾತ್ರಧಾರಿಗೆ ಬಟ್ಟೆ, ತೆಂಗಿನಕಾಯಿ ಕೊಡುತ್ತಾರೆ. ಆಗ ರಾಜನಾದವನು ಸಿಂಹಾಸನ ಇಳಿದು, ಕಿರೀಟ ತೆಗೆದು, ಕೊಟ್ಟವರಿಂದ ರುಮಾಲು ಸುತ್ತಿಸಿಕೊಳ್ಳಬೇಕು. ಬಂದವರು ಸಾಹೇಬರು. ಇಳಿದೆ. ಕಿರೀಟ ಎಲ್ಲಿಡಲಿ ಎಂದು ನೋಡುವಷ್ಟರಲ್ಲಿ ದಿವಾನ ಕೈಚಾಚಿದ. ಕೊಟ್ಟೆ.

ರುಮಾಲು ಸುತ್ತಿಸಿಕೊಂಡು ನಾನು ಜನಕ್ಕೆ ಬಗ್ಗಿ ಕೈಮುಗಿದು ತಿರುಗುವುದರೊಳಗೆ ಸಾಹೇಬರನ್ನು ಸಿಂಹಾಸನದಲ್ಲಿ ಕೂರಿಸಿ, ಕಿರೀಟ ತೊಡಿಸಿ, ದಿವಾನ ಮೈಕು ಹಿಡಿದಿದ್ದ.

“ಇವತ್ತಿನಿಂದ ನಮ್ಮ ಮಂಡಳಿಗಿ ಸಾಹೇಬರೇ ಅಧ್ಯಕ್ಷರು!”

ಮರಾಠಿಯಲ್ಲಿಯೂ ಅದನ್ನೇ ಹೇಳಿದ. ಚಪ್ಪಾಳೆ ಬಿದ್ದವು.

ನನ್ನ ಮಾತು ಬಾಕಿ ಇತ್ತು. ನೆಲದ ಮೇಲೆ ನಿಂತೇ ಹೇಳಿದೆ: “ಯಾರಲ್ಲಿ! ಈ ದ್ರೋಹಿಗೆ ಬೇಡಿ ತೊಡಿಸಿರಿ!”

ಸೈನಿಕರು ಸಿಂಹಾಸನದ ಕಡೆ ನೋಡಿದರು. ಕನ್ನಡ ಬಾರದ ಸಾಹೇಬರು ಜನಕ್ಕೆ ಕೈಮುಗಿದರು. ಮುಂದೆ ಕೂತ ಮುದುಕಿಯೊಬ್ಬಳು ಒದರಿದಳು: “ಏ, ಹಾಕ್ರೋ ಬೇಡಿ! ನಮಗ ಮನಿಗಿ ಹೋಗೂದದ!”

ಕೊನೆಗೆ ದಿವಾನನೇ ಕೈ ಮುಂದೆ ಮಾಡಿದ. ಬೇಡಿ ನಾನೇ ಹಾಕಿದೆ. ಹಾಕುವಾಗ ಮೆಲ್ಲಗೆ ಅಂದ, “ಸಿಟ್ಟಾಗಬ್ಯಾಡ್ರಿ ಮಾಮಾ. ನಿಮಗ ಸೇನಾಪತಿ ಪಾತ್ರ ಇಟ್ಟೀನಿ.”

“ಸೇನಾಪತಿ ನಿಮ್ಮಕ್ಕ ಮನ್ಯಾಗ ಅದಾಳ. ನನಗ ಬ್ಯಾಡ.”

ಸ್ಟೇಜು ಎದ್ದಿತು, ಬೇರೆ ಊರಿನ ಗೌಂಡಿಗಳ ಕೈಯಲ್ಲಿ. ನಾಟಕ ಈಗ ಮರಾಠಿಯದು. ಆ ಭಾಷೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕೂಲಿ, ಸಂತೆ ಎಲ್ಲ ಅದರಲ್ಲೇ. ಇನ್ನೊಂದು ಮಂಡಳಿ ಕಟ್ಟು ಎಂದು ಕೆಲವರು ಹೇಳಿದರು. ಗೋಡೆಯಾದರೆ ಕಟ್ಟಬಲ್ಲೆ. ಮಂದಿಯನ್ನು ಕೂಡಿಸಿ, ಅವರ ಮುನಿಸು ತಣಿಸಿ, ಮತ್ತೆ ಅವರನ್ನೇ ನಂಬುವ ಕಸುವು ಉಳಿದಿಲ್ಲ.

ಈಗ ನನ್ನಲ್ಲಿರುವುದು ಮೂರು ಎಕರೆ ಹೊಲ, ಎರಡು ಖೋಲಿಯ ಮನೆ, ಒಂದು ಎಮ್ಮೆ, ಬಾಯಿಪಾಠವಿರುವ ಐದು ಕನ್ನಡ ನಾಟಕ. ಎದುರಿನ ಪಾತ್ರವಾಗಿ ನಿಂತು ಮಾತಿಗೆ ಮಾತು ಕೊಡುವವರು ಯಾರೂ ಇಲ್ಲ.