ನಾನು ಒಪ್ಪಿದ ಪುಸ್ತಕ

ನಂಜನಗೂಡಿನ ತಾಂಡ್ಯದ ಮಾತ್ರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಹದಿನಾಲ್ಕು ವರ್ಷ ಅಂಕಿಅಂಶದ ಒಂದೇ ಸಾಫ್ಟ್‌ವೇರ್ ಬಳಸಿದವನು. ಅದರ ಲೈಸೆನ್ಸ್ ದುಬಾರಿಯಾಯಿತೆಂದು ಮೇಲಿನವರು ಬಿಟ್ಟಿ ಸಿಗುವ ಪ್ರೋಗ್ರಾಮಿಂಗ್ ಭಾಷೆಯೊಂದಕ್ಕೆ ಬದಲಾಗಲು ಹೊರಟರು. ‘ಹಳೆಯ ಸಾಫ್ಟ್‌ವೇರ್ ಬಲ್ಲವರಿಗಾಗಿ’ ಎಂದು ರಟ್ಟಿನ ಮೇಲೇ ಬರೆದಿದ್ದ ಪಠ್ಯಪುಸ್ತಕವೊಂದನ್ನು ಕೈಗಿಟ್ಟು, ನಮ್ಮವರಿಗೆ ಆಗುತ್ತದೋ ಇಲ್ಲವೋ ನೋಡಿ ಹೇಳು ಎಂದರು.

ನನಗೋ ಗರ್ವ. ತಿ. ನರಸೀಪುರದಿಂದ ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಪೆನ್ಸಿಲ್ ಹಿಡಿದು ಓದಿದೆ. ಸರಾಸರಿ ಅಂದರೇನು ಎಂದು ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಜಾತಿಯ ಪುಸ್ತಕವಲ್ಲ ಅದು. ಎಡಪುಟದಲ್ಲಿ ಹಳೆಯ ವಿಧಾನ, ಬಲಪುಟದಲ್ಲಿ ಹೊಸದು. ಅಭ್ಯಾಸಗಳನ್ನೆಲ್ಲ ಅದರದೇ ಅಂಕಿಗಳಿಟ್ಟು ಮಾಡಿ ನೋಡಿದೆ, ಸರಿ ಬಂದವು. ‘ಅನುಭವಿಗಳಿಗೆ ತಕ್ಕದ್ದು, ಬೇರೆ ತರಬೇತಿ ಬೇಕಿಲ್ಲ’ ಎಂದು ಬರೆದು ಸಹಿ ಹಾಕಿದೆ. ಲ್ಯಾಬಿನವರಿಗೆಲ್ಲ ಒಂದೊಂದು ಪ್ರತಿ ಹಂಚಿದರು.

ಪುಸ್ತಕದ ಅಂಕಿಗಳಲ್ಲಿ ಒಂದು ಜಾಗವೂ ಖಾಲಿ ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ಖಾಲಿ ಇಲ್ಲದ ದಿನವೇ ಇಲ್ಲ. ಯಂತ್ರ ಕೈಕೊಟ್ಟು ಪರೀಕ್ಷೆ ಆಗದಿದ್ದರೆ ನಾವು ಸೊನ್ನೆ ಬರೆಯುವುದಿಲ್ಲ, ಜಾಗ ಹಾಗೇ ಬಿಡುತ್ತೇವೆ.

ಹದಿನಾರು ಎಂಬ ಹಳ್ಳಿಯಿಂದ ಬರುತ್ತಿದ್ದ ಹಿರಿಯರೊಬ್ಬರು ಊಟದ ಹೊತ್ತಿಗೆ ಆ ಪುಸ್ತಕ ಹಿಡಿದು ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನಗೆ ಕೆಲಸ ಕಲಿಸಿದವರೇ ಅವರು. ನಾನು ಮೇಲಿನ ಹುದ್ದೆಗೆ ಏರಿದ ಮೇಲೆ ‘ಸಾ’ ಅನ್ನುತ್ತಿದ್ದರು.

“ಸಾ, ಖಾಲಿ ಬಿಟ್ಟಿರೋದ್ನ ಇದು ಏನಂತ ತಗತದೆ? ಇದ್ರಲ್ಲಿ ಎಲ್ಲೂ ಏಳಿಲ್ಲ.”

“ಹಳೇದ್ರಲ್ಲಿ ಇದ್ದಂಗೇ ಇರ್ತದೆ ಕಣಣ್ಣ. ಪಳಗಿದ ಕೈ ನಿಮ್ದು, ಒಂದ್ನೇ ಕ್ಲಾಸ್ ಐಕ್ಳಂಗೆ ಕೇಳ್ತೀರಲ್ಲ!”

ಸುತ್ತ ಇದ್ದವರು ನಕ್ಕರು. ಅವರೂ ನಕ್ಕು ಹೋದರು.

ಇದ್ದಂತೆ ಇರಲಿಲ್ಲ. ಹಳೆಯದು ಖಾಲಿ ಜಾಗವನ್ನು ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಎಂದೇ ತಿಳಿಯುತ್ತಿತ್ತು. ಔಷಧಾಂಶ ಮಿತಿಗಿಂತ ಕಡಿಮೆಯಿರುವ ಬ್ಯಾಚ್ ತೋರಿಸು ಅಂದರೆ ಪರೀಕ್ಷೆಯಾಗದವೂ ಅದೇ ಪಟ್ಟಿಗೆ ಬಂದು ಬೀಳುತ್ತಿದ್ದವು, ನಾವು ತಡೆಯುತ್ತಿದ್ದೆವು. ಹೊಸದು ಅವನ್ನು ಸದ್ದಿಲ್ಲದೆ ಕೈಬಿಟ್ಟಿತು. ಆ ಹಿರಿಯರು ಎಂದಿನಂತೆ ಪಟ್ಟಿ ತೆಗೆದು, ಅದರಲ್ಲಿ ಇಲ್ಲದ್ದನ್ನೆಲ್ಲ ಹೊರಗೆ ಕಳಿಸಲು ಸಹಿ ಹಾಕಿದರು. ಪರೀಕ್ಷೆಯೇ ಆಗದ ಬಿಪಿ ಮಾತ್ರೆಗಳ ಬ್ಯಾಚೊಂದು ಅಂಗಡಿ ಸೇರಿತು. ದೂರು ಬಂದ ಮೇಲೆ ವಾಪಸ್ ತರಿಸಿದರು. ಅಷ್ಟರಲ್ಲಿ ಯಾರು ಎಷ್ಟು ನುಂಗಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಿಚಾರಣೆಯಲ್ಲಿ ನಾನು ಬರೆದ ಕಾಗದವನ್ನೇ ಅವರ ವಿರುದ್ಧ ಓದಿದರು. ಇಷ್ಟು ಒಳ್ಳೆಯ ಪುಸ್ತಕ ಕೊಟ್ಟರೂ ತಪ್ಪಿದಿರಲ್ಲ ಅಂದರು. ಅವರು ನನ್ನತ್ತ ಒಮ್ಮೆ ನೋಡಿದರು, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಹೆದರಿದ್ದೆ, ಅಷ್ಟೇ, ಬೇರೆ ಕಾರಣ ಹುಡುಕಿ ಪ್ರಯೋಜನವಿಲ್ಲ. ಅವರನ್ನು ಕೆಲಸದಿಂದ ತೆಗೆದರು.

ಆಮೇಲೆ ಅವರ ಮೇಜಿನ ಡ್ರಾಯರಿನಲ್ಲಿ ಆ ಪುಸ್ತಕ ಸಿಕ್ಕಿತು. ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಖಾಲಿ ಇದ್ದರೆ?’ ಎಂದಿತ್ತು. ಅದರ ಕೆಳಗೆ ಪೆನ್ನಿನಲ್ಲಿ, ‘ಹಳೆಯದರಂತೆಯೇ. ಸಾಹೇಬರನ್ನು ಕೇಳಿ ತಿಳಿದಿದ್ದೇನೆ.’

ವಿಚಾರಣೆ ನಡೆಯುವಷ್ಟು ಹೊತ್ತೂ ಈ ಪುಸ್ತಕ ಅವರ ತೊಡೆಯ ಮೇಲೇ ಇತ್ತು.