ಕನ್ನಿಕಂಬಕ್ಕೆ ಸುತ್ತಿದ ಬೆತ್ತ

ನಾನು ಮದುವೆಯಾಗಿ ಬಂದ ವರ್ಷವೇ ಆ ಮನೆಗೆ ಹೆಂಚು ಹೊದಿಸಿದ್ದರು. ಅದಕ್ಕೆ ಮೊದಲು ಹುಲ್ಲಿನ ಮಾಡು. ಕಕ್ಕಬೆಯ ನಮ್ಮ ಮಗ್ಗುಲಲ್ಲಿ ಆಗ ಹೆಂಚು ಕಂಡಿದ್ದು ಎರಡೇ ಕಟ್ಟಡ, ಒಂದು ತೋಟದ ದೊರೆಯ ಬಂಗಲೆ, ಇನ್ನೊಂದು ನಮ್ಮ ಮನೆ. ಮಂಗಳೂರಿನಿಂದ ಗಾಡಿಗಳಲ್ಲಿ ಘಟ್ಟ ಹತ್ತಿಸಿ ತಂದ ಹೆಂಚು. ಮಾವನವರು ಬಂದವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಕತ್ತು ಎತ್ತಿಸಿ ಮಾಡು ತೋರಿಸಿಯೇ ಒಳಗೆ ಕರೆದು ಕಾಫಿ ಕೊಡುತ್ತಿದ್ದರು. ನನಗೂ ನನ್ನ ನಾದಿನಿಗೂ ನಗು ತಡೆಯುತ್ತಿರಲಿಲ್ಲ. ಆ ಭಾರ ಹೊತ್ತ ಗೋಡೆಗಳು ಹುಲ್ಲಿನ ಕಾಲದವು, ಬರೀ ಮಣ್ಣಿನವು ಅನ್ನುವುದು ನಮಗ್ಯಾರಿಗೂ ಹೊಳೆಯಲಿಲ್ಲ.

ಮನೆಯ ನೈರುತ್ಯ ಮೂಲೆಯಲ್ಲಿ ಕನ್ನಿಕಂಬ. ಹಲಸಿನ ಮರದ ಕಂಬ, ತೈಲ ತಿಂದು ಕಪ್ಪಾಗಿದೆ. ನಮ್ಮ ಕಡೆ ಗೌಡರ ಮನೆಗಳಲ್ಲಿ ಮೊದಲು ನಿಲ್ಲಿಸುವುದು ಆ ಕಂಬವನ್ನು, ಆಮೇಲೆ ಉಳಿದ ಮನೆ. ಸತ್ತ ಹಿರಿಯರು ಅದರ ಬುಡದಲ್ಲಿ ಇರುತ್ತಾರೆ ಎಂದು ನಂಬಿಕೆ. ಎಡೆ ಇಡುವುದು ಅಲ್ಲಿ, ದೀಪ ಅಲ್ಲಿ, ಸೊಸೆ ಬಂದಾಗ ಮೊದಲು ಕೈ ಮುಗಿಯುವುದು ಅಲ್ಲಿ. ಮಕ್ಕಳಿಗೆ ಮಾತು ಬರುವ ಮೊದಲೇ ಒಂದು ಪಾಠ ಹೇಳಿಕೊಡುತ್ತಿದ್ದರು. ಗುಡುಗಿರಲಿ, ಆನೆ ಬರಲಿ, ಏನೇ ಭಯವಾದರೂ ಓಡಿಹೋಗಿ ಕನ್ನಿಕಂಬ ಹಿಡಿದುಕೋ. ಹಿರಿಯರು ನಿನ್ನನ್ನು ಹಿಡಿದುಕೊಳ್ಳುತ್ತಾರೆ.

ನಾದಿನಿ ನನಗಿಂತ ಸ್ವಲ್ಪ ಚಿಕ್ಕವಳು, ಅತ್ತೆಯ ಒಬ್ಬಳೇ ಮಗಳು. ಅವಳಿಗೆ ಮದುವೆ ಗೊತ್ತಾಗಿತ್ತು. ಬಳೆಗಾರ ಬಂದಾಗ ದಿನ ಹತ್ತಿರವಾಗುವವರೆಗೂ ತಾಳಲಾರದೆ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟುಬಿಟ್ಟಿದ್ದಳು. ಅವಳು ಮನೆಯ ಯಾವ ಮೂಲೆಯಲ್ಲಿದ್ದಾಳೆ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು, ಅಷ್ಟು ಸದ್ದು. ಆ ಸದ್ದು ಈಗಲೂ ನನ್ನ ಕಿವಿ ಬಿಟ್ಟಿಲ್ಲ. ಮಜ್ಜಿಗೆ ಕಡೆಯುವಾಗ, ಅಕ್ಕಿ ಗೇರುವಾಗ ಕೈ ನಿಲ್ಲಿಸಿ ಕೇಳುತ್ತೇನೆ. ಏನೂ ಇರುವುದಿಲ್ಲ.

ಅಂದು ಮೆಣಸು ಒಣಗಲು ಹಾಕಿದ್ದೆವು. ಬಿಸಿಲು ಚೆನ್ನಾಗಿ ಏರಿತ್ತು. ಅತ್ತೆ ಅಂಗಳದಲ್ಲಿ ಮೆಣಸಿನಲ್ಲಿ ಕೈಯಾಡಿಸುತ್ತಿದ್ದರು, ನಾದಿನಿ ಜಗಲಿಯಲ್ಲಿ ತಲೆ ಬಾಚುತ್ತಿದ್ದಳು, ನಾನು ಆರು ತಿಂಗಳ ಬಸುರಿ, ಹಿತ್ತಲಲ್ಲಿದ್ದೆ. ಮೊದಲು ದನಗಳು ಕೂಗಿದವು. ಆಮೇಲೆ ನೆಲದೊಳಗಿಂದ ಒಂದು ಮೊರೆತ, ದೂರದಲ್ಲಿ ಗಾಡಿಗಳ ಸಾಲು ಬಂದ ಹಾಗೆ. ಕಾಲ ಕೆಳಗೆ ನೆಲ ಜಾರಿತು. ಹೆಂಚುಗಳು ಗಲಗಲ ಎಂದವು. ಅಂಗಳದಿಂದ ಅತ್ತೆ ಕಿರುಚಿದ್ದು ಕೇಳಿಸಿತು.

"ಕನ್ನಿಕಂಬ ಹಿಡ್ಕಣೆ! ಓಡೆ, ಕನ್ನಿಕಂಬ ಹಿಡ್ಕಣೆ!"

ನಾದಿನಿ ಜಗಲಿಯಲ್ಲಿದ್ದಳು. ಎರಡು ಹೆಜ್ಜೆ ಹಾಕಿದ್ದರೆ ಅಂಗಳ. ಅವಳು ತಿರುಗಿ ಒಳಗೆ ಓಡಿದಳು. ನಾನೂ ಹಿತ್ತಲ ಬಾಗಿಲಿನಿಂದ ಅದೇ ಕಂಬದ ಕಡೆಗೇ ಓಡಿದೆ. ಹೊಟ್ಟೆ ಭಾರ, ಹೊಸ್ತಿಲಲ್ಲೇ ಹಿಂದುಳಿದೆ. ಅಲ್ಲಿಂದಲೇ ನೋಡಿದೆ. ಅವಳು ಎರಡೂ ಕೈಯಿಂದ ಕಂಬ ತಬ್ಬಿಕೊಂಡಿದ್ದಳು. ಮೂಲೆಯ ಗೋಡೆ ಒಳಕ್ಕೆ ಬಾಗಿತು, ಹೆಂಚು ಸಮೇತ ಅವಳ ಮೇಲೆ ಕುಳಿತುಬಿಟ್ಟಿತು. ಧೂಳು ಇಳಿದಾಗ ಕಂಬ ಮಾತ್ರ ನೆಟ್ಟಗೆ ನಿಂತಿತ್ತು.

ಹೆಣ ತೆಗೆದು, ಮಣ್ಣು ಮಾಡಿ, ತಿಥಿ ಮುಗಿಯುವವರೆಗೂ ಅತ್ತೆ ಅಳಲಿಲ್ಲ. ಒಳಗೂ ಬರಲಿಲ್ಲ. ಕಣದ ಅಂಚಿನಲ್ಲಿ ಹುಲ್ಲು ಕೂಡಿಡುವ ಒಂದು ಚಪ್ಪರವಿತ್ತು, ಅದರಡಿ ಚಾಪೆ ಹಾಕಿಕೊಂಡರು. ಊಟ ಅಲ್ಲಿಗೇ ಒಯ್ಯಬೇಕು. ಮಾವ ಕರೆದರು, ನನ್ನ ಗಂಡ ಕಾಲು ಹಿಡಿದರು. ಎಲ್ಲರಿಗೂ ಒಂದೇ ಉತ್ತರ.

"ನಾ ಒಳಗೆ ಬಾದ್ಲೆ."

ಹೆದರಿಕೆ ಎಂದುಕೊಂಡೆವು. ಮಾಡು ಮತ್ತೆ ತಲೆಯ ಮೇಲೆ ಬೀಳುತ್ತದೆ ಎಂಬ ಹೆದರಿಕೆ ಯಾರಿಗಿರಲಿಲ್ಲ? ಆದರೆ ಮಳೆಗಾಲ ಮುಂದಿತ್ತು. ತಡಿಯಂಡಮೋಳ್ ಬೆಟ್ಟದ ಬುಡದ ಮಳೆ ಕಂಡವರಿಗೆ ಗೊತ್ತು, ಚಪ್ಪರದ ಕೆಳಗೆ ಅದನ್ನು ಕಳೆದು ಆ ವಯಸ್ಸಿನ ಹೆಂಗಸು ಬದುಕುವುದಿಲ್ಲ. ಆಗಲೇ ಕೆಮ್ಮು ಶುರುವಾಗಿತ್ತು. ಮಳೆಗೆ ಮೊದಲು ಮನೆಯನ್ನು ಅಲುಗದ ಹಾಗೆ ಮಾಡಬೇಕು, ಅವರನ್ನು ಒಳಗೆ ತರಬೇಕು. ನಮಗೆ ಬೇರೆ ಯೋಚನೆಯೇ ಇರಲಿಲ್ಲ.

ಚಿಕ್ಕಮಾವ, ಅಂದರೆ ಮಾವನವರ ತಮ್ಮ, ಅಸ್ಸಾಮಿನ ಚಹಾ ತೋಟದಲ್ಲಿ ರೈಟರ್ ಆಗಿದ್ದು ವಾಪಸು ಬಂದವರು. ಮಾತೆತ್ತಿದರೆ ಅಸ್ಸಾಮು. ಅಲ್ಲಿಯ ಮೀನು, ಅಲ್ಲಿಯ ನದಿ, ಅಲ್ಲಿಯ ಜಿಗಣೆ ಕೂಡ ನಮ್ಮದಕ್ಕಿಂತ ದೊಡ್ಡದು. ನಾವು ಅವರ ಮಾತಿಗೆ ಕಿವಿಗೊಡುವುದನ್ನು ಬಿಟ್ಟು ಕಾಲವಾಗಿತ್ತು. ಈ ಸಲ ಕೊಡಬೇಕಾಯಿತು, ಏಕೆಂದರೆ ಅಲ್ಲಿ ಭೂಮಿ ಮತ್ತೆ ಮತ್ತೆ ಅಲುಗುತ್ತದೆ, ಜನ ಅದಕ್ಕೆ ತಕ್ಕ ಹಾಗೆ ಮನೆ ಕಟ್ಟುತ್ತಾರೆ.

"ಗೋಡೆ ಗಟ್ಟಿ ಮಾಡೊಕು ಅಂತ ದಪ್ಪ ಮಾಡ್ಬೇಡಿ," ಎಂದರು ಚಿಕ್ಕಮಾವ. "ದಪ್ಪ ಗೋಡೆನೇ ಕೊಲ್ಲುದು. ಹಗುರ ಮಾಡೊಕು, ಒಂದಕ್ಕೊಂದು ಕಟ್ಟೊಕು. ಅಲುಗಿರೆ ಇಡೀ ಮನೆ ಒಟ್ಟಿಗೆ ಅಲುಗೊಕು."

ಮೊದಲು ಅಟ್ಟ ಖಾಲಿಯಾಯಿತು. ಅಜ್ಜನ ಕಾಲದ ಹಂಡೆಗಳು, ಭತ್ತದ ಮೂಟೆ, ಯಾವತ್ತಾದರೂ ಬೇಕಾಗುತ್ತದೆ ಎಂದು ಪೇರಿಸಿದ್ದ ಹಲಗೆಗಳು ಎಲ್ಲ ಕೆಳಗಿಳಿದವು. ಹೆಂಚು ಇಳಿಸಿ ಮಾವನವರು ಮತ್ತೆ ಹುಲ್ಲು ಹೊದಿಸಲು ಒಪ್ಪಿದರು. ಆ ದಿನ ಅವರು ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿಗಳ ಮೇಲೆ ಮನೆಯ ಸುತ್ತಲೂ ಮರದ ಪಟ್ಟಿ ಕೂರಿಸಿ, ಮೂಲೆಗಳಲ್ಲಿ ಒಂದರೊಳಗೊಂದು ಕಚ್ಚಿಸಿದರು. ಗೋಡೆ ಮುಗಿಯುವಲ್ಲಿ ಇನ್ನೊಂದು ಸುತ್ತು. ಮಾಡಿನ ಮರಗಳಿಗೆ ಅಡ್ಡ ಓರೆ ತೊಲೆ ಕೊಟ್ಟು ಆ ಪಟ್ಟಿಗೆ ಬಿಗಿದರು. ಬಿದ್ದ ಮೂಲೆಗೆ ಮಣ್ಣಿನ ಗೋಡೆ ಬೇಡ, ಬಿದಿರ ತಟ್ಟಿ ನಿಲ್ಲಿಸಿ ಎರಡೂ ಕಡೆ ತೆಳ್ಳಗೆ ಮಣ್ಣು ಮೆತ್ತಿ ಎಂದರು ಚಿಕ್ಕಮಾವ. ಮಾವನಿಗೆ ತಡೆಯಲಾಗಲಿಲ್ಲ.

"ಹಿರಿಯವ್ಕೆ ದನದ ಹಟ್ಟಿ ಗೋಡೆಯಾ?"

"ಅದು ಬಿದ್ದರೆ ಯಾರೂ ಸಾಯುದ್ಲೆ ಅಣ್ಣ," ಎಂದರು ಚಿಕ್ಕಮಾವ. ಅವರ ಮಾತಿನಲ್ಲಿ ಅಸ್ಸಾಮಿನ ಜಂಬ ಅಂದು ಇರಲಿಲ್ಲ.

ಮೆತ್ತುವ ಮಣ್ಣಿಗೆ ಹೊಸದಾಗಿ ಅಗೆಯಲಿಲ್ಲ. ಹಳೆ ಗೋಡೆಯ ಮಣ್ಣು ಹದವಾಗಿರುತ್ತದೆ, ಬಿರುಕು ಬಿಡುವುದಿಲ್ಲ, ಹಾಗಾಗಿ ಬಿದ್ದ ಗೋಡೆಯನ್ನೇ ನೆನೆಸಿ ತುಳಿಯುವುದು ನಮ್ಮ ರೂಢಿ. ಅದನ್ನು ತುಳಿಯುವುದು ಹೆಂಗಸರ ಕೆಲಸ. ನಾನು ಬಸುರಿ, ಬೇಡ ಎಂದರೂ ಇಳಿದೆ. ಭತ್ತದ ಹೊಟ್ಟು ಸೇರಿಸಿ ತುಳಿಯುತ್ತಿದ್ದಾಗ ಅಂಗಾಲಿಗೆ ಏನೋ ಚುಚ್ಚಿತು. ಕೈ ಹಾಕಿ ತೆಗೆದೆ. ಹಸಿರು ಬಳೆಯ ಚೂರು.

ಕಿರುಚಿಬಿಡಬೇಕು ಅನ್ನಿಸಿತು. ಕಿರುಚಲಿಲ್ಲ. ಅದನ್ನು ಸೆರಗಿನಲ್ಲಿ ಒರೆಸಿ ಚಪ್ಪರಕ್ಕೆ ಒಯ್ದು ಅತ್ತೆಯ ಕೈಯಲ್ಲಿಟ್ಟೆ. ಅವರು ಅದನ್ನು ಕರಟದಲ್ಲಿ ಹಾಕಿಕೊಂಡರು. ಅಂದಿನಿಂದ ಮಣ್ಣು ತುಳಿದು ಮುಗಿಯುವವರೆಗೂ ಸಂಜೆ ನನ್ನನ್ನು ಕಂಡರೆ ಒಂದೇ ಪ್ರಶ್ನೆ.

"ಇನ್ನ್ ಸಿಕ್ಕಿತಾ?"

ಸಿಗುತ್ತಿತ್ತು. ನಾನು ಮೆಲ್ಲಗೆ ತುಳಿಯಲು ಕಲಿತೆ, ಕಾಲಿನಿಂದಲೇ ಹುಡುಕಲು ಕಲಿತೆ. ಎಲ್ಲವೂ ಸಿಕ್ಕಿರಲಾರದು. ಕೆಲವು ಚೂರು ಆ ತಟ್ಟಿಗೋಡೆಯ ಮಣ್ಣಿನಲ್ಲಿ ಸೇರಿಹೋದವು. ದೀಪ ಹಚ್ಚಿದಾಗ ಒಂದು ಕಡೆ ಸಾಸಿವೆಯಷ್ಟು ಹಸಿರು ಹೊಳೆಯುತ್ತಿತ್ತು. ಆ ಕೋಣೆಗೆ ಒಬ್ಬಳೇ ಹೋಗುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ.

ಕೊನೆಗೆ ಉಳಿದದ್ದು ಕನ್ನಿಕಂಬ. ಮನೆಯ ದೊಡ್ಡ ತೊಲೆ ಅದರ ತಲೆಯ ಮೇಲೆ ಬರೀ ಕುಳಿತಿತ್ತು, ಯಾವುದಕ್ಕೂ ಕಟ್ಟಿರಲಿಲ್ಲ. ಭೂಮಿ ಅಲುಗಿದಾಗ ತೊಲೆ ಪಕ್ಕಕ್ಕೆ ಸರಿದ ಗುರುತು ಕಾಣುತ್ತಿತ್ತು. ಇನ್ನೊಂದು ಸಲ ಸರಿದರೆ ಕೆಳಗೇ ಬೀಳುತ್ತದೆ, ಕಬ್ಬಿಣದ ಪಟ್ಟಿ ಹೊಡೆದು ಎರಡನ್ನೂ ಜೋಡಿಸಬೇಕು ಎಂದರು ಚಿಕ್ಕಮಾವ. ಮಾವ ಎದ್ದು ನಿಂತರು. ಕನ್ನಿಕಂಬಕ್ಕೆ ಮೊಳೆ ಹೊಡೆದವರು ಯಾರೂ ಇಲ್ಲ. ಹಿರಿಯರ ಮೈಗೆ ಕಬ್ಬಿಣ ಇಳಿಸಿದ ಹಾಗೆ. ಅಣ್ಣ ತಮ್ಮ ಇಬ್ಬರೂ ಗಂಟಲು ಹರಿಯುವಂತೆ ಕೂಗಾಡಿದರು. ಚಪ್ಪರದಿಂದ ಅತ್ತೆಯ ಧ್ವನಿ ಬಂತು.

"ಅದ್ರ ಕಡ್ದು ಒಲೆಗೆ ಹಾಕಿ! ನನ್ನ ಮಗ್ಳು ಅದ್ರ ತಬ್ಬಿ ನಿಂತಿತ್ತ್. ಅದ್ ನೋಡ್ಕಂಡ್ ನಿಂತಿತ್ತ್!"

ಆಗ ನನಗೆ ಅರ್ಥವಾಯಿತು. ಅತ್ತೆಗೆ ಮಾಡಿನ ಹೆದರಿಕೆ ಇರಲೇ ಇಲ್ಲ. ಅವರು ಮುಖ ನೋಡಲಾರದೆ ದೂರ ಕುಳಿತದ್ದು ಆ ಕಂಬದಿಂದ. ಒಳಗೆ ಓಡು ಎಂದು ಕೂಗಿದ ತಮ್ಮ ಬಾಯಿಯಿಂದ ದೂರ ಹೋಗಲು ಅವರಿಗೆ ಜಾಗವೇ ಇರಲಿಲ್ಲ. ನಾವು ಮರದ ಪಟ್ಟಿ ಬಿಗಿದು ಅವರನ್ನು ಒಳಗೆ ತರುತ್ತೇವೆ ಎಂದು ಹೊರಟಿದ್ದೆವು.

ಮಾರನೆಯ ದಿನ ಮಾವ ಯಾರಿಗೂ ಹೇಳದೆ ಕಾಡಿಗೆ ಹೋಗಿ ಒಂದು ಹೊರೆ ಬೆತ್ತ ಕಡಿದು ತಂದರು. ಅದನ್ನು ಸೀಳಿ ತೋಡಿನ ನೀರಿನಲ್ಲಿ ನೆನೆಹಾಕಿದರು. ಹಸಿ ಬೆತ್ತ ಒಣಗುತ್ತ ಬಿಗಿಯುತ್ತದೆ, ಬುಟ್ಟಿ ಹೆಣೆಯುವವರಿಗೆಲ್ಲ ಗೊತ್ತಿರುವ ಸಂಗತಿ. ಕಂಬದ ತಲೆಗೆ ಎರಡು ಪಕ್ಕದಿಂದ ಮರದ ಹಿಡಿ ಕೊಟ್ಟು, ತೊಲೆಯನ್ನೂ ಸೇರಿಸಿ, ಬೆತ್ತವನ್ನು ಸುತ್ತು ಸುತ್ತಾಗಿ ಎಳೆದು ಕಟ್ಟಿದರು. ಮೊಳೆ ಇಲ್ಲ, ಕಬ್ಬಿಣ ಇಲ್ಲ. ಯಾರನ್ನೂ ಕೈ ಹಾಕಲು ಬಿಡಲಿಲ್ಲ. ನಾನು ದೀಪಕ್ಕೆ ಎಣ್ಣೆ ಹಾಕಲು ಹೋಗಿದ್ದೆ. ಅವರು ಕಂಬಕ್ಕೆ ಹಣೆ ಆನಿಸಿ ಮಾತಾಡುತ್ತಿದ್ದರು.

"ನಿಂಗೆ ಹಿಡ್ಕಂಬಕೆ ಆಗಿಲ್ಲೆ. ಇನ್ನ್ ನಾವೇ ನಿನ್ನ ಹಿಡ್ಕಣೊಕು."

ನನ್ನ ಮಾವನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಸದ್ದು ಮಾಡದೆ ಹೊರಗೆ ಬಂದೆ.

ನನ್ನ ಮಗಳು ಹುಟ್ಟಿದಳು. ಮಳೆಯೂ ಹಿಡಿಯಿತು. ಚಪ್ಪರ ಸೋರಿ, ಅತ್ತೆಯನ್ನು ಹಟ್ಟಿಯ ಪಕ್ಕದ ಸೌದೆ ಕೊಟ್ಟಿಗೆಗೆ ಸಾಗಿಸಿದೆವು. ಅಲ್ಲಿಯೂ ನೆಲ ಒದ್ದೆ. ಕೆಮ್ಮು ಎದೆಗಿಳಿದಿತ್ತು. ಮೊಮ್ಮಗಳನ್ನು ಅಲ್ಲಿಗೇ ಒಯ್ದು ತೋರಿಸುತ್ತಿದ್ದೆ, ಎತ್ತಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದರು. ಈ ಮಳೆಗಾಲ ದಾಟುವುದಿಲ್ಲ ಎಂದು ಗಂಡಸರು ಒಳಗೊಳಗೇ ಮಾತಾಡಿಕೊಂಡರು.

ಒಂದು ಮಧ್ಯಾಹ್ನ, ಜಡಿಮಳೆ. ಗಂಡಸರೆಲ್ಲ ಗದ್ದೆಯಲ್ಲಿದ್ದರು. ಮಗುವಿಗೆ ಹಾಲು ಕೊಡುತ್ತ ನಡುಮನೆಯಲ್ಲಿ ಕುಳಿತಿದ್ದೆ. ಅದೇ ಮೊರೆತ. ಮಳೆಯ ಸದ್ದಿನ ಒಳಗಿನಿಂದಲೂ ಗುರುತು ಸಿಕ್ಕಿತು. ನೆಲ ನಡುಗಿತು. ಬಾಗಿಲು ಎದುರಿಗೇ ಇತ್ತು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಓಡಿಹೋಗಿ ಕನ್ನಿಕಂಬ ತಬ್ಬಿಕೊಂಡೆ. ಕಣ್ಣಾರೆ ಕಂಡಿದ್ದೆ, ಆದರೂ ಕಾಲು ಅಲ್ಲಿಗೇ ಹೋಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ಸೀರೆಯಿಂದ ನೀರು ಸುರಿಯುತ್ತಿತ್ತು, ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ಅಷ್ಟು ತಿಂಗಳ ಮೇಲೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಂದವರೇ ಕಂಬದ ಸುತ್ತ ಬಿಗಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಕಿತ್ತರು.

"ಬುಡು! ಬುಡೆ ಅದ್ರ! ಬುಡು!"

ಅವರು ನನ್ನನ್ನು ಎಳೆಯುವ ಹೊತ್ತಿಗೆ ಅಲುಗುವುದು ನಿಂತಿತ್ತು. ಇಬ್ಬರೂ ಅಲ್ಲೇ ನಿಂತೆವು. ತಲೆಯ ಮೇಲೆ ಬೆತ್ತ ಕಿರ್ ಎಂದು, ಸುಮ್ಮನಾಯಿತು. ಮಾಡಿನಿಂದ ಒಂದಿಷ್ಟು ಹುಲ್ಲು, ಗೋಡೆಯಿಂದ ಒಂದು ಹಿಡಿ ಮಣ್ಣು ಉದುರಿತ್ತು. ಅಷ್ಟೇ. ಅತ್ತೆ ಪಟ್ಟಿಗಳನ್ನು ನೋಡಿದರು, ಓರೆ ತೊಲೆಗಳನ್ನು ನೋಡಿದರು, ಕೊನೆಗೆ ಬೆತ್ತದ ಕಟ್ಟನ್ನು ಬಹಳ ಹೊತ್ತು ನೋಡಿದರು.

"ನಿಂತಿತಲ್ಲ," ಎಂದರು.

ಆಮೇಲೆ ತಟ್ಟಿಗೋಡೆಯ ಮೇಲೆ ಅಂಗೈ ಇಟ್ಟು, ನನಗಲ್ಲ, ಗೋಡೆಗೇ ಹೇಳಿದರು. "ಇಷ್ಟೇ ಕೆಲ್ಸ ಇತ್ತ್ ಮಗಾ. ಇಷ್ಟೇ."

ಅಲ್ಲೇ ಕುಸಿದು ಕುಳಿತು ಅತ್ತರು. ಮಗಳು ಸತ್ತಾಗ ಅಳದಿದ್ದದ್ದನ್ನೆಲ್ಲ ಅಂದು ಅತ್ತರು. ಮನೆ ನಿಂತದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೆ ಈ ಸಲವೂ ಬಿದ್ದಿದ್ದರೆ ಅವಳ ಸಾವನ್ನು ವಿಧಿ ಎನ್ನಬಹುದಿತ್ತು. ನಿಂತ ಮನೆಯೊಳಗೆ ಹಾಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಅಂದಿನಿಂದ ಅವರು ಒಳಗೇ ಇದ್ದರು. ಕೆಮ್ಮು ಇಳಿಯಿತು. ಸಂಜೆ ದೀಪವಿಟ್ಟ ಮೇಲೆ ಕಂಬಕ್ಕೆ ಬೆನ್ನು ಹಾಕಿ, ಆ ಹಸಿರು ಹೊಳೆಯುವ ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದರು. ಬೆತ್ತ ಸಡಿಲವಾದಾಗ ಮಾವ ಹೊಸದು ಸುತ್ತುತ್ತಿದ್ದರು, ಮಾವನ ನಂತರ ನನ್ನ ಗಂಡ.

ನನ್ನ ಮಗಳ ಮದುವೆಯ ಹೊತ್ತಿಗೆ ಅತ್ತೆಗೆ ಕಣ್ಣು ಮಂಜಾಗಿತ್ತು. ಮದುಮಗಳನ್ನು ಕನ್ನಿಕಂಬದ ಮುಂದೆ ನಿಲ್ಲಿಸಿದೆವು. ಕೈ ತುಂಬ ಹಸಿರು ಬಳೆ. ಆ ಸದ್ದು ಕೇಳಿ ಅತ್ತೆ ಗೋಡೆಯ ಕಡೆಯಿಂದ ಮುಖ ತಿರುಗಿಸಿದರು, ಕೈ ಚಾಚಿ ಅವಳ ಮುಂಗೈ ಹಿಡಿದುಕೊಂಡರು. ಮಗಳು ಎಲ್ಲ ಮದುವಣಗಿತ್ತಿಯರ ಹಾಗೆ ಕಂಬವನ್ನು ಮುಟ್ಟಲು ಬಾಗಿದ್ದಳು.

"ಕೈ ಮುಗಿ, ಸಾಕ್," ಎಂದರು ಅತ್ತೆ. "ಹಿಡ್ಕಣ್ಬೇಡ. ಹೆದ್ರಿಕೆ ಆದರೆ ಅಂಗಳಕ್ಕೆ ಓಡು. ನಾ ಎಂಥ ಕೂಗಿರೂ ಕೇಳ್ಬೇಡ, ಅಂಗಳಕ್ಕೆ ಓಡು."