ಹಸಿರು ಚುಕ್ಕಿಯ ಸಂಸಾರ

ಮದುವೆಯಾದ ಹೊಸದರಲ್ಲಿ, ಆಮೇಲೂ ಕೆಲವು ವರ್ಷ, ನಾನೂ ನನ್ನ ಗಂಡನೂ ಮಾತಾಡಿದ್ದು ಆಫೀಸಿನ ವೇಳೆಯಲ್ಲಿ ಮಾತ್ರ. ಅವರು ಪೀಣ್ಯದ ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ, ನಾನು ಊರಿನ ಇನ್ನೊಂದು ತುದಿಯ ಬ್ರೂಕ್‌ಫೀಲ್ಡಿನಲ್ಲಿ ಅಕೌಂಟ್ಸ್ ಕೆಲಸದಲ್ಲಿ. ನಡುವೆ ಕಂಪ್ಯೂಟರಿನ ಮೆಸೆಂಜರ್. ಬೆಳಿಗ್ಗೆ ಅವರ ಹೆಸರಿನ ಪಕ್ಕ ಹಸಿರು ಚುಕ್ಕಿ ಮೂಡಿತೆಂದರೆ ನನ್ನ ಸಂಸಾರ ಶುರುವಾಯಿತು ಎಂದರ್ಥ.

ಮನೆಯಲ್ಲಿ ಮಾತಿಗೆ ಜಾಗವಿರಲಿಲ್ಲ. ಪೀಣ್ಯದಿಂದಲೂ ಆಚೆ, ಮಾಕಳಿಯ ಆ ಮನೆಯನ್ನು ಮಾವನವರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದಾಗ ಕಟ್ಟಿಸಿದ್ದರು. ಒಂದು ಹಾಲ್, ಒಂದು ರೂಮು, ಅಡುಗೆಮನೆ. ರೂಮಿಗೂ ಹಾಲ್‌ಗೂ ನಡುವಿನ ಗೋಡೆಯ ಮೇಲ್ಭಾಗದಲ್ಲಿ ಗಾಳಿಯಾಡಲೆಂದು ಸಿಮೆಂಟಿನ ಜಾಲರಿ ಬಿಟ್ಟಿದ್ದರು. ಗಾಳಿಯೇನೂ ಆಡುತ್ತಿರಲಿಲ್ಲ, ಅತ್ತೆ ವೀಳ್ಯದೆಲೆಯ ತೊಟ್ಟು ಮುರಿದದ್ದು ಮಾತ್ರ ನಮಗೆ ಕೇಳಿಸುತ್ತಿತ್ತು. "ಲೈಟ್ ಆರಿಸ್ಲಾ?", "ಆರ್ಸಿ" ಎನ್ನುವುದಕ್ಕಿಂತ ಹೆಚ್ಚಿಗೆ ಅಲ್ಲಿ ನಾವು ಮಾತಾಡಿದವರಲ್ಲ. "ನಮ್ಮ ಸೊಸೆ ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮೆಸೆಂಜರಿನಲ್ಲಿ ನಾನು ಚೆನ್ನಾಗಿಯೇ ಕಚ್ಚುತ್ತಿದ್ದೆ. ಜಗಳದ ವಿಷಯ ಒಂದೇ. ಎರಡು ಬಸ್ಸು ಬದಲಿಸಿ ಹೋಗಿ ಬರುವುದರಲ್ಲಿ ನನ್ನ ಜೀವ ಅರ್ಧವಾಗಿತ್ತು. ನನ್ನ ಆಫೀಸಿನ ಹತ್ತಿರ ಕುಂದಲಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಬೇಕು, ಇಲ್ಲವೇ ನಾನು ಕೆಲಸ ಬಿಡಬೇಕು. ಬಿಡಲು ನನಗೆ ಸುತರಾಂ ಇಷ್ಟವಿರಲಿಲ್ಲ. ಅವರ ಕಂಪನಿಯ ಇನ್ನೊಂದು ಘಟಕ ಅಲ್ಲೇ ಪಕ್ಕದ ಮಹದೇವಪುರದಲ್ಲಿ ಇತ್ತು, ಕೇಳಿದರೆ ವರ್ಗ ಸಿಗುತ್ತಿತ್ತು. ನಾದಿನಿಯ ಮನೆ ನಮ್ಮಿಂದ ಎರಡೇ ಬೀದಿ ಆಚೆ, ಅತ್ತೆ ಮಾವ ಒಂಟಿಯಾಗುವ ಮಾತೂ ಇರಲಿಲ್ಲ. ಇವರು ತಮ್ಮಪ್ಪನ ಮುಂದೆ ಬಾಯಿ ಬಿಡುವುದು ಮಾತ್ರ ಬೇಕಿತ್ತು. ನಾನು ಕೇಳಿದಾಗಲೆಲ್ಲ ಅವರು "ಮಾತಾಡ್ತೀನಿ ಕಣೇ. ಬಾಸ್ ಬಂದ್ರು" ಎಂದು ಟೈಪ್ ಮಾಡುತ್ತಿದ್ದರು, ಚುಕ್ಕಿ ಹಳದಿಯಾಗುತ್ತಿತ್ತು. ಆ ಪ್ರಕಾರ ಅವರ ಬಾಸ್ ವರ್ಷವಿಡೀ ಅವರ ಕುರ್ಚಿಯ ಹಿಂದೆಯೇ ನಿಂತಿದ್ದಿರಬೇಕು.

ಹೀಗಿರುವಾಗ ಒಂದು ದಿನ ಮೆಸೆಂಜರಿನಲ್ಲಿ ಸೂಚನೆ ಬಂತು: ತಿಂಗಳ ಕೊನೆಗೆ ಈ ಸೇವೆ ನಿಲ್ಲುತ್ತದೆ, ಇಷ್ಟು ವರ್ಷ ಜೊತೆಗಿದ್ದುದಕ್ಕೆ ವಂದನೆಗಳು. ಉಳಿದವರೆಲ್ಲ ಅಷ್ಟರಲ್ಲಾಗಲೇ ಫೋನಿಗೆ ಹೋಗಿಯಾಗಿತ್ತು. ನನ್ನ ಪಾಲಿಗೆ ಹಸಿರಾಗಿದ್ದವರು ಇವರೊಬ್ಬರೇ. ಇವರ ಕಾರ್ಖಾನೆಯಲ್ಲಿ, ಯಾರಾದರೂ ಡ್ರಾಯಿಂಗುಗಳ ಫೋಟೋ ಹೊಡೆದಾರೆಂದು ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದರು. ಕೊನೆಯ ದಿನ "ಮನೆ ವಿಷ್ಯ ಏನಾಯ್ತು?" ಎಂದು ಕೇಳಿದೆ. ಬಾಸ್ ಬಂದರು. ಮರುದಿನ ಮೆಸೆಂಜರ್ ತೆರೆಯಲೇ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

ಸಂಜೆ ಒಂದೇ ಮಂಚದ ಮೇಲೆ ಕೂತು ಫೋನಿನಲ್ಲಿ ಮೆಸೇಜು ಕಳಿಸಿ ನೋಡಿದೆವು. ನನ್ನದು ಟಿಣ್ ಎಂದಿತು, ಅವರದು ಟಿಣ್ ಎಂದಿತು. ಜಾಲರಿಯಿಂದ ಅತ್ತೆಯ ದನಿ ಬಂತು: "ಇಬ್ರೂ ಒಳ್ಗೇ ಇದ್ದೀರಲ್ಲ, ಯಾರ್ದು ಅದು ಇಷ್ಟೊಂದು ಮೆಸೇಜು?" ಅಲ್ಲಿಗೆ ಅದೂ ಮುಗಿಯಿತು.

ಭಾನುವಾರ ಮಧ್ಯಾಹ್ನ ರೂಮಿನಲ್ಲಿ ಬಟ್ಟೆ ಮಡಿಸುತ್ತಾ, ಇವರಿಗೆ ಬಾಯಿಬಿಟ್ಟೇ ಹೇಳಿದೆ: "ನಾಳೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳ್ಬಿಡ್ತೀನಿ."

ಅವರು ತುಟಿಯ ಮೇಲೆ ಬೆರಳಿಟ್ಟು ಜಾಲರಿ ತೋರಿಸಿದರು.

"ಯಾಕೆ, ಬಾಸ್ ಬಂದ್ರಾ?" ಎಂದೆ.

ಆಮೇಲೆ ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. ಬಸ್ಸು, ಕುಂದಲಹಳ್ಳಿ, ಮಹದೇವಪುರದ ವರ್ಗ, ಅಪ್ಪನ ಎದುರು ಅವರ ಪುಕ್ಕಲುತನ, ಎಲ್ಲವೂ ದೊಡ್ಡ ದನಿಯಲ್ಲೇ ಹೊರಬಂದವು. ಅವರೂ ಕೂಗಾಡಿದರು. ಅವರ ಸಿಟ್ಟನ್ನು ಅಲ್ಲಿಯವರೆಗೆ ನಾನು ಓದಿದ್ದೆನೇ ಹೊರತು ಕೇಳಿರಲಿಲ್ಲ, ನಾನೆಣಿಸಿದ್ದಕ್ಕಿಂತ ತೆಳುವಾಗಿತ್ತು. ಅಷ್ಟರಲ್ಲಿ ಹಾಲ್‌ನಲ್ಲಿ ಓಡುತ್ತಿದ್ದ ಟಿ.ವಿ. ಇದ್ದಕ್ಕಿದ್ದಂತೆ ನಿಂತಿತು. ನಾವೂ ನಿಂತೆವು.

ಆ ಸಂಜೆ ಮಾವನವರು ಎಂದಿನಂತೆ ಕಾಫಿ ಕುಡಿದು ವಾಕಿಂಗ್ ಹೋದರು. ಇನ್ನು ಕೆಲಸದ ಋಣ ತೀರಿತು ಎಂದೇ ನಾನು ಅಂದುಕೊಂಡೆ.

ಬೆಳಿಗ್ಗೆ ಅತ್ತೆ ನನ್ನ ಊಟದ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದರು. ನನ್ನ ಮುಖ ನೋಡಲಿಲ್ಲ. "ಆ ಕಡೆ ನೀರಿಗೆ ಭಾಳ ಕಷ್ಟವಂತೆ" ಎಂದರು. "ಬೋರ್‌ವೆಲ್ ಇರೋ ಮನೇನೇ ನೋಡ್ಕೊಳ್ಳಿ ಅಂದ್ರು ನಿಮ್ಮಾವ."

ಡಬ್ಬಿ ಹಿಡಿದು ನಿಂತಲ್ಲೇ ಅತ್ತುಬಿಟ್ಟೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಹೊತ್ತಾಯ್ತು ಹೋಗು. ಅಳೋದಿದ್ರೆ ಬಸ್ಸಲ್ಲಿ ಅತ್ಕೋ."